ನಿದ್ರೆಯಲ್ಲಿ ಬರುವ ಬೆವರು: ರೈತರು ತಿಳಿದಿರತಕ್ಕ ಕೆಲವು ಸಂಗತಿಗಳು

ಬೇಸಾಯದ ಪತ್ರಿಕೆಯಲ್ಲಿ ಬೆವರಿನ ವಿಷಯವೇಕೆಂದು ವಾಚಕರು ಕೇಳಬಹುದು. ಹಗಲಿನಲ್ಲಿ ದುಡಿಯುವವನಿಗೆ ಬೆವರು ಬರುವುದು ಸಹಜವಷ್ಟೇ ಅಲ್ಲ, ಆರೋಗ್ಯದ ಲಕ್ಷಣವೂ ಹೌದು. ಆದರೆ ದುಡಿಮೆಯಿಲ್ಲದೆ, ಸೆಕೆಯಿಲ್ಲದೆ, ರಾತ್ರಿ ಮಲಗಿರುವಾಗ ಉಟ್ಟ ಬಟ್ಟೆಯೂ ಹಾಸಿದ ಚಾಪೆಯೂ ತೊಯ್ಯುವಂತೆ ಬರುವ ಬೆವರಿನ ಮಾತು ಬೇರೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದೆರಡು ನಮ್ಮ ಕೊಟ್ಟಿಗೆಯಿಂದಲೂ ಹೊಲದಿಂದಲೂ ಬರುವುವಾದುದರಿಂದ, ಈ ವಿಷಯವನ್ನು ಈ ಪತ್ರಿಕೆಯಲ್ಲಿ ಬರೆಯುವುದು ಅನುಚಿತವಾಗಲಾರದೆಂದು ನಂಬಿದ್ದೇನೆ. ನಾನು ವೈದ್ಯನಲ್ಲ; ಔಷಧಿಯನ್ನು ಸೂಚಿಸುವುದು ನನ್ನ ಉದ್ದೇಶವೂ ಅಲ್ಲ. ಯಾವ ಬೆವರನ್ನು ಲಕ್ಷ್ಯಕ್ಕೆ ತಾರದಿದ್ದರೂ ನಡೆಯುವುದು, ಯಾವುದಕ್ಕೆ ತಡಮಾಡದೆ ವೈದ್ಯರ ಬಳಿ ಹೋಗತಕ್ಕದ್ದು, ಹೋದಾಗ ಅವರಿಗೆ ಏನೇನನ್ನು ತಿಳಿಸತಕ್ಕದ್ದು ಎಂಬ ಮೂರು ಸಂಗತಿಗಳನ್ನು ಮಾತ್ರ ಇಲ್ಲಿ ವಿವರಿಸಲಾಗಿದೆ.

ಬೆವರಿನ ಕೆಲಸ

ಮನುಷ್ಯನ ದೇಹದ ಶಾಖವು ಸಾಮಾನ್ಯವಾಗಿ ೩೭ ಡಿಗ್ರಿ ಸೆಂಟಿಗ್ರೇಡ್, ಎಂದರೆ ೯೮.೬ ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿರುವುದು. ಇದನ್ನು ಹತೋಟಿಯಲ್ಲಿಟ್ಟಿರುವ ಒಂದು ಚಿಕ್ಕ ಭಾಗವು ಮಿದುಳಿನ ಬುಡದಲ್ಲಿದೆ. ಶಾಖವು ಹೆಚ್ಚಿದಾಗ ಈ ಭಾಗದ ಅಪ್ಪಣೆಯಂತೆ ಚರ್ಮದಲ್ಲಿರುವ ಬೆವರಿನ ಗ್ರಂಥಿಗಳು ನೀರನ್ನು ಹೊರಸೂಸುವುವು. ಆ ನೀರು ಆರುವಾಗ ಮೈಯ ಶಾಖವನ್ನು ತನ್ನೊಡನೆ ಒಯ್ಯುವುದು. ಮಡಕೆಯ ನೀರು ಬೇಸಗೆಯಲ್ಲಿಯೂ ತಣ್ಣಗಿರುವುದು ಇದೇ ನಿಯಮದಿಂದ.

ರಾತ್ರಿ ನಿದ್ರೆ ಹತ್ತಿದ ಮೇಲೆ ದೇಹದ ಶಾಖವು ತಾನಾಗಿಯೇ ಸ್ವಲ್ಪ ಇಳಿಯುವುದು. ಬೆಳಗಿನ ಜಾವದಲ್ಲಿ ಅತ್ಯಂತ ಕಡಮೆಯಾಗಿರುವುದು. ಹೀಗೆ ಇಳಿಯುವಾಗ ಕತ್ತಿನಲ್ಲಿಯೂ ಎದೆಯ ಮೇಲೂ ತುಸು ಬೆವರು ಕಾಣುವುದು ಸ್ವಾಭಾವಿಕವೇ ಆಗಿದೆ.

ಜ್ವರ ಬಂದಾಗ ಆಗುವುದೇ ಬೇರೆ. ರೋಗಾಣುಗಳು ದೇಹವನ್ನು ಹೊಕ್ಕಾಗ ಮಿದುಳು ತನ್ನ ಅಳತೆಯನ್ನೇ ಮೇಲಕ್ಕೆ ಏರಿಸಿಕೊಳ್ಳುವುದು. ಆಗ ಮೈ ಚಳಿಯಿಂದ ನಡುಗಿ ಶಾಖವನ್ನು ಹೆಚ್ಚಿಸಿಕೊಳ್ಳುವುದು. ಕೆಲವು ಗಂಟೆಗಳ ಮೇಲೆ ಅಳತೆಯು ಮೊದಲಿನ ಮಟ್ಟಕ್ಕೆ ಇಳಿಯಲು, ಮಿಕ್ಕ ಶಾಖವನ್ನೆಲ್ಲ ಬೆವರಿನ ಮೂಲಕ ಹೊರಹಾಕಬೇಕಾಗುವುದು. ಆದುದರಿಂದ ರಾತ್ರಿಯ ವಿಪರೀತ ಬೆವರು ಅನೇಕ ವೇಳೆ, ಸಂಜೆ ಏರಿದ ಜ್ವರವು ಇಳಿದುದರ ಗುರುತಾಗಿರುತ್ತದೆ. ರೋಗಿಯು ಬೆಳಿಗ್ಗೆ ಎದ್ದು ಮೈ ತಣ್ಣಗಿರುವುದನ್ನು ಕಂಡು ತನಗೆ ಜ್ವರವೇ ಇಲ್ಲವೆಂದು ಭಾವಿಸಿ ಕೆಲಸಕ್ಕೆ ಹೊರಡುವನು. ಈ ಭಾವನೆಯಿಂದಲೇ ಎಷ್ಟೋ ರೋಗಗಳು ತಿಂಗಳುಗಟ್ಟಲೆ ಮರೆಯಲ್ಲಿ ಉಳಿಯುವುವು.

ಭಯಪಡಬೇಕಿಲ್ಲದ ಬೆವರು

ಬೆವರಿದವರೆಲ್ಲರೂ ರೋಗಿಗಳಲ್ಲ. ಗಾಳಿಯಾಡದ ಕೋಣೆ, ತಗಡಿನ ಮಾಡು, ಕಿಟಕಿ ಮುಚ್ಚಿ ಕಂಬಳಿ ಹೊದೆಯುವ ಅಭ್ಯಾಸ, ಮಲಗುವ ಮುನ್ನ ಮಾಡಿದ ಖಾರದ ಊಟ, ಮದ್ಯಪಾನ, ಮನಸ್ಸಿನ ಕಳವಳ, ಕೆಟ್ಟ ಕನಸು ಇವುಗಳಿಂದಲೂ ಬೆವರು ಬರುವುದುಂಟು. ಇದನ್ನು ಪರೀಕ್ಷಿಸುವುದು ಸುಲಭ. ನಾಲ್ಕೈದು ರಾತ್ರಿ ಕಿಟಕಿಯನ್ನು ತೆರೆದು, ತೆಳುವಾದ ಹತ್ತಿಯ ಹೊದಿಕೆಯನ್ನು ಮಾತ್ರ ಹೊದ್ದು, ಊಟವನ್ನು ಮಲಗುವುದಕ್ಕೆ ಎರಡು ಗಂಟೆ ಮುಂಚೆ ಮುಗಿಸಿ ಮಲಗತಕ್ಕದ್ದು. ಇದರಿಂದ ಬೆವರು ನಿಂತರೆ ಅದು ಸೆಕೆಯ ಬೆವರೆಂದು ತಿಳಿದು ನಿಶ್ಚಿಂತರಾಗಿರಬಹುದು. ಪಕ್ಕದಲ್ಲಿ ಮಲಗಿದವರು ತಣ್ಣಗಿರುವಾಗ ಒಬ್ಬರ ಬಟ್ಟೆ ಮಾತ್ರ ಹಿಂಡುವಂತೆ ನೆನೆದು, ನಡುರಾತ್ರಿಯಲ್ಲಿ ಎದ್ದು ಬಟ್ಟೆ ಬದಲಾಯಿಸಬೇಕಾಗುತ್ತಿದ್ದರೆ, ಮತ್ತು ಇದು ಮೇಲಿಂದ ಮೇಲೆ ಆಗುತ್ತಿದ್ದರೆ, ಕಾರಣವನ್ನು ದೇಹದೊಳಗೆ ಹುಡುಕತಕ್ಕದ್ದು.

ಹೆಂಗಸರಿಗೆ ೪೫ ರಿಂದ ೫೫ ವರ್ಷಗಳ ನಡುವೆ ಮುಟ್ಟು ನಿಲ್ಲುವ ಕಾಲದಲ್ಲಿ ಇದ್ದಕ್ಕಿದ್ದಂತೆ ಮುಖ ಬಿಸಿಯೇರಿ, ರಾತ್ರಿ ಬೆವರಿ, ಕೆಲವು ನಿಮಿಷಗಳಲ್ಲಿ ತಣ್ಣಗಾಗುವುದುಂಟು. ಇದು ರೋಗವಲ್ಲ. ಆದರೂ ನಿದ್ರೆಗೆಡುವಷ್ಟು ತೊಂದರೆಯಾದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಬಹುದು, ಇದಕ್ಕೂ ಉಪಚಾರವುಂಟು.

ಕೊಟ್ಟಿಗೆಯಿಂದ ಬರುವ ಜ್ವರ

ಕೆಲವು ವರ್ಷಗಳ ಹಿಂದೆ ನನ್ನ ಸರ್ಕೀಟಿನ ಒಂದು ಗ್ರಾಮದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಅಗತ್ಯ. ರಾಗಿಯ ಪೈರನ್ನು ನೋಡಲು ಒಬ್ಬ ರೈತರ ಮನೆಗೆ ಹೋಗಿದ್ದೆ. ಹಿಂದಿನ ರಾತ್ರಿ ಅವರ ಹಸುವು ಏಳನೆಯ ತಿಂಗಳಿನಲ್ಲಿಯೇ ಕಂದು ಹಾಕಿತ್ತು. ಮಾಸು ಬೀಳದಿರಲು ಅವರು ಬರಿಗೈಯಿಂದಲೇ ಅದನ್ನು ಎಳೆದು ತೆಗೆದು, ಸತ್ತ ಕರುವಿನೊಡನೆ ತಿಪ್ಪೆಗೆ ಹಾಕಿದ್ದರು. ಅವರ ಬೆರಳಿನಲ್ಲಿ ಕುಡುಗೋಲು ತಾಗಿದ ಗಾಯವಿತ್ತು. ನಾನು ಹಸುವಿನ ನಷ್ಟಕ್ಕೆ ಸಂತಾಪ ಹೇಳಿ, ಪೈರಿನ ವಿಷಯ ಮಾತನಾಡಿ, ತಿಪ್ಪೆಯನ್ನು ಗುಂಡಿಯಲ್ಲಿ ಮಾಡಿದರೆ ಗೊಬ್ಬರವು ಉತ್ತಮವಾಗುವುದೆಂದು ಉಪದೇಶಿಸಿ ಹಿಂದಿರುಗಿದೆ.

ನಾಲ್ಕು ತಿಂಗಳ ಮೇಲೆ ಮತ್ತೆ ಹೋದಾಗ ಅವರ ಗುರುತು ಹತ್ತುವುದೇ ಕಷ್ಟವಾಯಿತು. ಮೈ ಇಳಿದುಹೋಗಿತ್ತು. “ಏನು ಯಜಮಾನರೇ, ಹೀಗಾಗಿದ್ದೀರಿ?” ಎಂದು ಕೇಳಿದೆ. “ಏನೂ ಇಲ್ಲ ಸ್ವಾಮಿ, ರಾತ್ರಿ ಹೊತ್ತು ಬೆವರುತ್ತದೆ. ಸೊಂಟ ಹಿಡಿದುಕೊಂಡಿದೆ. ಬೆಳಿಗ್ಗೆ ಎದ್ದರೆ ಜ್ವರ ಇರುವುದಿಲ್ಲ. ಉಷ್ಣ ಇರಬೇಕು” ಎಂದರು. ಸಂಜೆಯ ಜ್ವರಕ್ಕೆ ಅಂಗಡಿಯ ಮಾತ್ರೆಗಳನ್ನು ನುಂಗಿದ್ದರು. ಎರಡು ಕಡೆ ವೈದ್ಯರಿಗೂ ತೋರಿಸಿದ್ದರು. ಹಸುವಿನ ವಿಷಯವನ್ನು ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಹಸುವಿನ ಗರ್ಭಪಾತಕ್ಕೂ ತಮ್ಮ ಬೆವರಿಗೂ ಸಂಬಂಧವಿರಬಹುದೆಂದು ಅವರಿಗೆ ತೋರುವುದಾದರೂ ಹೇಗೆ? ತಾಲ್ಲೂಕಿನ ಪಶುವೈದ್ಯರೊಡನೆ ನಾನು ಈ ಪ್ರಸ್ತಾಪವನ್ನೆತ್ತಲು, ಅವರು ಕೂಡಲೆ ರಕ್ತಪರೀಕ್ಷೆ ಮಾಡಿಸುವಂತೆ ಹೇಳಿದರು. ಪರೀಕ್ಷೆಯಲ್ಲಿ ಕಂದು ರೋಗ, ಎಂದರೆ ಬ್ರುಸೆಲ್ಲೋಸಿಸ್, ಇರುವುದಾಗಿ ತಿಳಿದುಬಂತು.

ಈ ರೋಗದ ಚರಿತ್ರೆಯು ಹಳೆಯದು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸಿಪಾಯಿಗಳನ್ನು ಬಹುಕಾಲ ಕಾಡಿದ ಒಂದು ಜ್ವರದ ರೋಗಾಣುವನ್ನು ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು ೧೮೮೭ರಲ್ಲಿ ಬೇರ್ಪಡಿಸಿದನು. ೧೮೯೭ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ಎಂಬ ಪಶುವೈದ್ಯನು ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದನು. ೧೯೦೫ರಲ್ಲಿ ಮಾಲ್ಟಾದ ವೈದ್ಯನಾದ ಥೆಮಿಸ್ಟೋಕ್ಲಿಸ್ ಝಾಮಿಟ್ ಎಂಬುವನು, ನೋಡಲು ಆರೋಗ್ಯವಾಗಿದ್ದ ಆಡುಗಳಲ್ಲಿಯೇ ಈ ಜ್ವರದ ಅಣುಗಳಿರುವುದನ್ನು ತೋರಿಸಿದನು. ಮರುವರ್ಷ ಸಿಪಾಯಿಗಳಿಗೆ ಆಡಿನ ಹಸಿಹಾಲನ್ನು ಕೊಡುವುದನ್ನು ನಿಲ್ಲಿಸಿದೊಡನೆ ಅವರಲ್ಲಿ ರೋಗವು ತಗ್ಗಿತು. ಮನುಷ್ಯನ ಜ್ವರದ ಅಣುವೂ ಹಸುವಿನ ಅಣುವೂ ಒಂದೇ ಕುಲಕ್ಕೆ ಸೇರಿದವೆಂದು ಅಮೆರಿಕಾದ ಆಲಿಸ್ ಇವಾನ್ಸ್ ಎಂಬ ವಿದುಷಿಯು ೧೯೧೮ರಲ್ಲಿ ಪ್ರಕಟಿಸಿದಳು.

ರೋಗವಿರುವ ಹಸು, ಎಮ್ಮೆ, ಆಡು, ಕುರಿಗಳು ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವುವು. ಸತ್ತ ಕರು, ಮಾಸು, ಗರ್ಭದ ನೀರು ಇವುಗಳಲ್ಲಿ ಅಣುಗಳು ಅಸಂಖ್ಯಾತವಾಗಿರುವುವು. ಕೈಯ ಗಾಯದಿಂದಲೂ, ಕಣ್ಣಿಗೆ ಸಿಡಿದ ಹನಿಯಿಂದಲೂ, ಉಸಿರಿನೊಡನೆಯೂ, ಕಾಯಿಸದ ಹಾಲಿನ ಮೂಲಕವೂ ಅವು ಮನುಷ್ಯನನ್ನು ಸೇರುವುವು. ಸಾಮಾನ್ಯವಾಗಿ ೨ ರಿಂದ ೪ ವಾರಗಳಲ್ಲಿ, ಕೆಲವು ವೇಳೆ ತಿಂಗಳುಗಳು ಕಳೆದ ಮೇಲೆ, ಜ್ವರ ಪ್ರಾರಂಭವಾಗುವುದು. ಸಂಜೆ ಏರಿ ಬೆಳಿಗ್ಗೆ ಇಳಿಯುವ ಜ್ವರ, ರಾತ್ರಿಯ ಬೆವರು, ಸೊಂಟ ಮತ್ತು ಕೀಲುಗಳ ನೋವು, ತೀರದ ಆಯಾಸ, ಗಂಡಸರಲ್ಲಿ ವೃಷಣದ ಊತ ಇವು ಮುಖ್ಯ ಲಕ್ಷಣಗಳು. ಗರ್ಭಿಣಿಯರಿಗೆ ತಗುಲಿದರೆ ಗರ್ಭಪಾತವಾಗುವ ಭಯವುಂಟು.

ಇದು ಗುಣವಾಗುವ ರೋಗ. ಆದರೆ ವೈದ್ಯರು ಎರಡು ಬಗೆಯ ಔಷಧಿಗಳನ್ನು ಜೊತೆಯಾಗಿ, ಸಾಮಾನ್ಯವಾಗಿ ೬ ವಾರಗಳಿಗೆ ಕಡಮೆಯಿಲ್ಲದಂತೆ ಕೊಡುವರು. ಮೇಲೆ ಹೇಳಿದ ರೈತರು ಮೂರನೆಯ ವಾರಕ್ಕೆ ಬೆವರು ನಿಂತಿತೆಂದು ಔಷಧಿಯನ್ನು ಬಿಟ್ಟರು. ಒಂದೂವರೆ ತಿಂಗಳಲ್ಲಿ ಜ್ವರವು ಮರುಕಳಿಸಿತು. ಎರಡನೆಯ ಸಲ ಪೂರ್ಣವಾಗಿ ಸೇವಿಸಿ ಗುಣಹೊಂದಿದರು. ಒಂದು ಬೆಳೆಯ ಕಾಲವೆಲ್ಲ ಅವರಿಗೆ ಹೀಗೆ ವ್ಯರ್ಥವಾಯಿತು. ಆ ಮೊದಲನೆಯ ದಿನ ನಾನು ಗೊಬ್ಬರದ ಗುಂಡಿಯ ಬದಲು ಸತ್ತ ಕರುವಿನ ವಿಷಯದಲ್ಲಿ ಎರಡು ಮಾತು ಹೇಳಿದ್ದರೆ ಇದು ತಪ್ಪುತ್ತಿತ್ತೋ ಏನೋ ಎಂಬ ವ್ಯಥೆಯು ನನಗೆ ಇನ್ನೂ ಇದೆ. ಈ ಲೇಖನಕ್ಕೆ ಅದೇ ಕಾರಣ.

ಪ್ರತಿಬಂಧಕ ಕ್ರಮಗಳು

೧. ಯಾವ ಹಸುವಾಗಲಿ ಎಮ್ಮೆಯಾಗಲಿ ಕಂದು ಹಾಕಿದರೆ, ಅದನ್ನು ಇತರ ದನಗಳಿಂದ ಬೇರೆ ಕಟ್ಟಿ ಪಶುವೈದ್ಯರಿಗೆ ತಿಳಿಸತಕ್ಕದ್ದು.

೨. ಸತ್ತ ಕರುವನ್ನೂ ಮಾಸನ್ನೂ ಬರಿಗೈಯಿಂದ ಮುಟ್ಟಕೂಡದು. ರಬ್ಬರಿನ ಕೈಗವಸು ತೊಟ್ಟು, ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ನೀರಿನ ಸೆಲೆಗೆ ದೂರವಾಗಿ ೪–೫ ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು. ತಿಪ್ಪೆಗೂ ಕೆರೆಗೂ ಹಾಕಕೂಡದು, ನಾಯಿಗಳಿಗೆ ಸಿಕ್ಕಗೊಡಕೂಡದು. ಬೀಳದ ಮಾಸನ್ನು ಪಶುವೈದ್ಯರೇ ನೋಡಲಿ. ಗರ್ಭಿಣಿಯರು ಈ ಕೆಲಸದ ಹತ್ತಿರ ಸುಳಿಯಬಾರದು.

೩. ಹಾಲನ್ನು ಉಕ್ಕುವಂತೆ ಕಾಯಿಸಿಯೇ ಕುಡಿಯತಕ್ಕದ್ದು. ಕೆಚ್ಚಲಿನಿಂದ ಕರೆದ ನೊರೆಹಾಲು ಬಲಕಾರಿಯೆಂಬ ನಂಬಿಕೆಯು ಹಲವೆಡೆ ಉಂಟು. ನೊರೆಹಾಲಿನಲ್ಲಿರುವ ಬಲವೆಲ್ಲ ಕಾಯಿಸಿದ ಹಾಲಿನಲ್ಲಿಯೂ ಇದೆ. ರೋಗಾಣು ಮಾತ್ರ ಇರುವುದಿಲ್ಲ.

೪. ೪ ರಿಂದ ೮ ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಂದು ಸಲ ಲಸಿಕೆ ಹಾಕಿಸಿದರೆ ಈ ರೋಗವನ್ನು ಬಹುಮಟ್ಟಿಗೆ ತಡೆಯಬಹುದು. ೨೦೧೯ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಪ್ರಾರಂಭಿಸಿದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದೊಡನೆ ಈ ರೋಗವೂ ಸೇರಿದೆ.

ಕ್ಷಯ ಮತ್ತು ಇತರ ರೋಗಗಳು

ರಾತ್ರಿಯ ಬೆವರಿಗೆ ಇನ್ನೊಂದು ಮುಖ್ಯ ಕಾರಣವು ಕ್ಷಯ. ಇದರ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಎಂಬುವನು ೧೮೮೨ರ ಮಾರ್ಚಿ ೨೪ನೆಯ ತಾರೀಖು ಲೋಕಕ್ಕೆ ತಿಳಿಸಿದನು. ಎರಡು ವಾರಗಳಿಗಿಂತ ಹೆಚ್ಚಾಗಿ ಉಳಿದ ಕೆಮ್ಮು, ಸಂಜೆಯ ಸಣ್ಣ ಜ್ವರ, ಹಸಿವು ಕುಗ್ಗುವುದು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದಾದರೂ ಬೆವರಿನೊಡನೆ ಇದ್ದರೆ ಕಫವನ್ನು ಪರೀಕ್ಷೆ ಮಾಡಿಸತಕ್ಕದ್ದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಧರ್ಮಾರ್ಥವಾಗಿ ದೊರೆಯುವುವು. ಸಾಮಾನ್ಯವಾದ ಕ್ಷಯಕ್ಕೆ ೬ ತಿಂಗಳ ಔಷಧಿ ಸಾಕು. ನಡುವೆ ಬಿಟ್ಟರೆ ಮಾತ್ರ ಅಪಾಯ. ಉಪಚಾರದ ಕಾಲದಲ್ಲಿ ಪೌಷ್ಟಿಕ ಆಹಾರಕ್ಕಾಗಿ ಸರ್ಕಾರವು ೨೦೧೮ರಿಂದ ಧನಸಹಾಯ ಕೊಡುತ್ತಿದೆ. ೨೦೨೪ರ ನವೆಂಬರಿನಿಂದ ಅದನ್ನು ತಿಂಗಳಿಗೆ ೫೦೦ ರೂಪಾಯಿನಿಂದ ೧,೦೦೦ ರೂಪಾಯಿಗೆ ಹೆಚ್ಚಿಸಲಾಗಿದೆ. ದನಗಳ ಕ್ಷಯವೂ ಹಸಿಹಾಲಿನ ಮೂಲಕ ಮನುಷ್ಯನಿಗೆ ಬರಬಹುದಾದುದರಿಂದ, ಹಾಲನ್ನು ಕಾಯಿಸಬೇಕೆಂಬುದಕ್ಕೆ ಇದು ಎರಡನೆಯ ಕಾರಣವಾಗಿದೆ.

ಮಲೇರಿಯಾದಲ್ಲಿ ಮೊದಲು ನಡುಗುವ ಚಳಿ, ಆಮೇಲೆ ಸುಡುವ ಜ್ವರ, ಕೊನೆಗೆ ಧಾರಾಕಾರವಾದ ಬೆವರು, ಹೀಗೆ ಮೂರು ಅವಸ್ಥೆಗಳುಂಟು. ಇದಕ್ಕೂ ರಕ್ತಪರೀಕ್ಷೆಯೇ ಸಾಕ್ಷಿ. ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಕರಗದ ಗಂಟುಗಳಿದ್ದು ರಾತ್ರಿ ಬೆವರು ಬರುತ್ತಿದ್ದರೆ, ರಕ್ತಸಂಬಂಧವಾದ ಕೆಲವು ಅರ್ಬುದಗಳ ಸಂಶಯವಿರುವುದರಿಂದ ತಡಮಾಡಲಾಗದು. ಥೈರಾಯಿಡ್ ಗ್ರಂಥಿಯ ಅತಿಕಾರ್ಯದಿಂದಲೂ, ಗೊರಕೆಯ ನಡುವೆ ಉಸಿರು ಕಟ್ಟುವ ರೋಗದಿಂದಲೂ, ಮನೋವ್ಯಾಕುಲಕ್ಕೆ ಕೊಡುವ ಕೆಲವು ಔಷಧಿಗಳಿಂದಲೂ ಬೆವರು ಬರುವುದುಂಟು.

ಸಿಹಿಮೂತ್ರ ರೋಗಕ್ಕೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ, ಕೆಲವು ಬಗೆಯ ಮಾತ್ರೆಗಳನ್ನು ನುಂಗುವವರೂ ವಿಶೇಷವಾಗಿ ಎಚ್ಚರದಿಂದಿರತಕ್ಕದ್ದು. ಸುಗ್ಗಿಯ ಕಾಲದಲ್ಲಿ ಹಗಲೆಲ್ಲ ಮೈಮುರಿದು ದುಡಿದು, ರಾತ್ರಿ ಉಣ್ಣದೆ ಮಲಗಿದರೆ, ರಕ್ತದಲ್ಲಿನ ಸಕ್ಕರೆಯು ೧೦೦ ಮಿಲಿಲೀಟರಿಗೆ ೭೦ ಮಿಲಿಗ್ರಾಮಿಗಿಂತಲೂ ಕೆಳಗಿಳಿದು, ತಣ್ಣನೆಯ ಬೆವರು, ನಡುಕ, ಎದೆಬಡಿತ, ಬುದ್ಧಿಭ್ರಮೆ ಉಂಟಾಗಬಹುದು. ಎಚ್ಚರವಿದ್ದರೆ ಕೂಡಲೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸತಕ್ಕದ್ದು. ಕಾಲು ಗಂಟೆಯಲ್ಲಿ ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಆ ಕ್ಷಣವೇ ಹೊರಡಬೇಕಾದ ಸಂದರ್ಭಗಳು

ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಚರ್ಮದ ಮೂಲಕವೂ ಮೈಯೊಳಕ್ಕೆ ಇಳಿದು ನರಗಳ ಕೆಲಸವನ್ನು ಕೆಡಿಸುವುವು. ಹಗಲು ಔಷಧಿ ಸಿಂಪಡಿಸಿದವನಿಗೆ ಸಂಜೆಯೋ ರಾತ್ರಿಯೋ ವಿಪರೀತ ಬೆವರು ಬಂದು, ಜೊಲ್ಲು ಸುರಿದು, ವಾಂತಿಯಾಗಿ, ಕಣ್ಣುಪಾಪೆ ಸೂಜಿಯ ಮೊನೆಯಂತೆ ಕಿರಿದಾಗಿ, ಮಾಂಸಖಂಡಗಳು ಅದುರಿ, ಉಸಿರಾಟ ಕಷ್ಟವಾದರೆ, ಅದು ವಿಷವೇರಿದುದರ ಲಕ್ಷಣ. ಉಟ್ಟ ಬಟ್ಟೆಯನ್ನು ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ಔಷಧಿಯ ಡಬ್ಬಿಯನ್ನು ಅದರ ಚೀಟಿಯ ಸಹಿತ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸತಕ್ಕದ್ದು. ತೊಳೆಯುವವರು ಕೈಗವಸು ತೊಟ್ಟಿರಬೇಕು. ಬೆಳಗಾಗಲೆಂದು ಕಾಯುವುದು ಪ್ರಾಣಕ್ಕೆ ಅಪಾಯಕರ.

ಹಾಗೆಯೇ ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ತಣ್ಣನೆಯ ಬೆವರು ಬಂದರೆ ಹೃದಯಾಘಾತದ ಶಂಕೆಯಿಂದ ತತ್‌ಕ್ಷಣ ಹೊರಡಬೇಕು. ಈ ಎರಡು ಸಂದರ್ಭಗಳಲ್ಲಿಯೂ ನಮ್ಮ ಸಂಸ್ಥಾನದಲ್ಲಿ ೧೦೮ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಆಂಬುಲೆನ್ಸನ್ನು ಕರೆಯಬಹುದು.

ವೈದ್ಯರ ಬಳಿಗೆ ಯಾವಾಗ ಹೋಗಬೇಕು

ಕೆಳಗಿನವುಗಳಲ್ಲಿ ಒಂದಾದರೂ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು:

೧. ತಂಪಾದ ಕೋಣೆಯಲ್ಲಿಯೂ ಬಟ್ಟೆ ತೊಯ್ಯುವಂಥ ಬೆವರು ಎರಡು ವಾರಗಳಿಂದ ಆಗಾಗ್ಗೆ ಬರುತ್ತಿರುವುದು.

೨. ಬೆವರಿನೊಡನೆ ಜ್ವರ, ಕೆಮ್ಮು, ಕೀಲುನೋವು ಅಥವಾ ಗಂಟುಗಳಿರುವುದು. ಇವಿದ್ದರೆ ಎರಡು ವಾರ ಕಾಯಬೇಕಾದುದಿಲ್ಲ.

೩. ಕಾರಣವಿಲ್ಲದೆ ತೂಕ ಇಳಿಯುವುದು. ದೃಷ್ಟಾಂತಕ್ಕೆ, ೬೦ ಕಿಲೋ ತೂಕದವರು ಆರು ತಿಂಗಳಲ್ಲಿ ೩ ಕಿಲೋ ಇಳಿಯುವುದು.

೪. ಹೊಸ ಔಷಧಿಯನ್ನು ಸೇವಿಸಲಾರಂಭಿಸಿದ ಮೇಲೆ ಬೆವರು ಬರುವುದು. ವೈದ್ಯರನ್ನು ಕೇಳದೆ ಔಷಧಿಯನ್ನು ತಾವಾಗಿ ನಿಲ್ಲಿಸಕೂಡದು.

೫. ಸಿಹಿಮೂತ್ರ ರೋಗಿಗಳಿಗೆ ಒಂದು ರಾತ್ರಿಯಾದರೂ ತಣ್ಣನೆಯ ಬೆವರೂ ನಡುಕವೂ ಉಂಟಾಗುವುದು.

ಹೋಗುವ ಮುಂಚೆ ಒಂದು ವಾರ ಕಾಲ ಪ್ರತಿದಿನ ಸಂಜೆ ಆರೇಳು ಗಂಟೆಗೂ, ಬೆವರು ಬಂದಾಗಲೂ, ಬೆಳಿಗ್ಗೆಯೂ ಜ್ವರಮಾಪಕದಿಂದ ಶಾಖವನ್ನು ನೋಡಿ ಬರೆದಿಟ್ಟರೆ ವೈದ್ಯರಿಗೆ ಬಹಳ ಉಪಯೋಗವಾಗುವುದು. ಆದರೆ ರೋಗವು ಜೋರಾಗಿದ್ದಲ್ಲಿ ಬರೆದಿಡುವುದಕ್ಕೋಸ್ಕರ ಕಾಯಕೂಡದು. ವೈದ್ಯರು ಕೇಳಲಿ ಬಿಡಲಿ, ರೈತರು ತಾವಾಗಿ ಹೇಳತಕ್ಕ ಮಾತುಗಳು ಐದು: ಮನೆಯಲ್ಲಿ ಯಾವ ಯಾವ ದನಕರು, ಆಡುಕುರಿಗಳಿವೆ, ಕಳೆದ ಆರು ತಿಂಗಳಲ್ಲಿ ಯಾವುದಾದರೂ ಕಂದು ಹಾಕಿತೆ, ಅದನ್ನು ಮುಟ್ಟಿದವರು ಯಾರು, ಹಸಿಹಾಲು ಕುಡಿಯುವ ರೂಢಿ ಉಂಟೆ, ಯಾವ ಕೀಟನಾಶಕವನ್ನು ಯಾವ ದಿನ ಸಿಂಪಡಿಸಲಾಯಿತು.

ಪೈರಿನ ಎಲೆಯು ಹಳದಿಯಾದರೆ ನಮ್ಮ ರೈತರು ಅದನ್ನು ಕಿತ್ತು ತಂದು ನಮಗೆ ತೋರಿಸಿ, ಯಾವ ಗೊಬ್ಬರ ಹಾಕಿದರು, ಎಂದು ನೀರು ಕಟ್ಟಿದರು ಎಂಬ ವಿವರಗಳನ್ನೆಲ್ಲ ಬಿಡದೆ ಹೇಳುವರು. ಅದೇ ಎಚ್ಚರವನ್ನು ತಮ್ಮ ದೇಹದ ವಿಷಯದಲ್ಲಿಯೂ ವಹಿಸಬೇಕೆಂದು ನನ್ನ ಪ್ರಾರ್ಥನೆ. ಈ ಲೇಖನವನ್ನು ಓದಿದವರು ಓದಲು ಬಾರದ ನೆರೆಯವರಿಗೂ, ವಿಶೇಷವಾಗಿ ಕೊಟ್ಟಿಗೆಯ ಕೆಲಸವನ್ನು ಮಾಡುವ ಹೆಂಗಸರಿಗೂ, ಓದಿ ಹೇಳಿದರೆ ಬರೆದ ಶ್ರಮವು ಸಾರ್ಥಕವಾಗುವುದು.